ಸವೆದ ಅಚ್ಚಿನ ಸಾಕ್ಷ್ಯ

ಆಳಂದದ ಸಂತೆಗೆ ಹಳೆಯ ರೂಪಾಯಿ ಹಿಡಿದು ಬರುವವರು ಈಗ ಮೊದಲು ಕೇಳುವುದು ಒಂದೇ: "ಇದರ ಮ್ಯಾಲ ಗೆರಿ ಎದ್ದದ, ಲಕ್ಷ ಬರತದಂತ, ಖರೇನಾ?" ಮೊಬೈಲ್ ವಿಡಿಯೊಗಳು ಹಬ್ಬಿಸಿದ ಈ ಆಸೆ ಅಚ್ಚಿನ ಗುರುತು ಓದುವ ವಿದ್ಯೆಯನ್ನೇ ಲಾಟರಿಯಾಗಿಸಿದೆ. ಅಚ್ಚು ಬಿರಿದಾಗ ಲೋಹ ಆ ಬಿರುಕಿಗೆ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ. ಅಂಚು ಒಡೆದರೆ ಅಕ್ಷರವಿರಬೇಕಾದಲ್ಲಿ ಗಡ್ಡೆ, ತುಕ್ಕು ತಿಂದರೆ ಸಣ್ಣ ಗುಳ್ಳೆ, ಜಿಡ್ಡು ತುಂಬಿದರೆ ಅಕ್ಷರವೇ ಮಾಯ. ತಗ್ಗಿನ ಗೆರೆಯಾದರೆ ಅದು ಬಹುಮಟ್ಟಿಗೆ ಚಲಾವಣೆಯ ಗೀರು, ಇಲ್ಲವೇ ಸರಾಫನ ಪರೀಕ್ಷೆಯ ಗುರುತು.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅಹಸನಾಬಾದ್ ಆಯಿತು, ಟಂಕಸಾಲೆಯೂ ಬಂತು. ಆ ನಾಣ್ಯಗಳನ್ನು 19ನೇ ಶತಮಾನದ ಕೊನೆಗೆ ಗಿಬ್ಸ್, ಕಾಡ್ರಿಂಗ್ಟನ್ ಓದಿದರು. 1964ರಲ್ಲಿ ಅಬ್ದುಲ್ ವಲಿ ಖಾನರು ಹೈದರಾಬಾದ್ ವಸ್ತುಸಂಗ್ರಹಾಲಯದ ಬಹಮನಿ ನಾಣ್ಯಗಳ ಪಟ್ಟಿ ತಂದರು. ಎಲ್ಲರೂ ಹುಡುಕಿದ್ದು ದೊರೆಯ ಹೆಸರು, ಇಸವಿ, ಟಂಕಸಾಲೆ; ಅಚ್ಚಿನ ಗುರುತನ್ನಲ್ಲ. ಚಿತ್ರಕ್ಕೆ ಆರಿಸಿದ್ದು ಅತ್ಯಂತ ಸ್ಪಷ್ಟವಾದ ನಾಣ್ಯ. ಸವೆದದ್ದು ಡಬ್ಬಿಯಲ್ಲೇ ಉಳಿಯಿತು.

ನಾವು ಕೆಲವರು ಭೂತಗನ್ನಡಿ ಹಿಡಿದದ್ದು ಆ ಡಬ್ಬಿಯ ಮುಂದೆ, ಅದರಲ್ಲೂ ನಿಜಾಮರ ರೂಪಾಯಿಯಾದ ಹಾಲಿ ಸಿಕ್ಕಾದ ಮುಂದೆ. ಆಗ ನಮ್ಮದು ನಿಜಾಮರ ಸೀಮೆ, ಅಫಜಲಪುರದಾಚೆ ಇಂಡಿ, ಸೋಲಾಪುರ ಬ್ರಿಟಿಷ್ ಸೀಮೆ. ಅಲ್ಲಿ ನಡೆಯುತ್ತಿದ್ದುದು ಯಂತ್ರದಲ್ಲಿ ಹೊಡೆದ ಕಲ್ದಾರ್ ರೂಪಾಯಿ. ಸರ್ಕಾರದ ದರದಲ್ಲಿ 7 ಹಾಲಿಗೆ 6 ಕಲ್ದಾರ್. ಗಡಿಯ ಜನಕ್ಕೆ ಈ ಲೆಕ್ಕ ಬಾಯಿಪಾಠವಾಗಿತ್ತು. ಕೈಯಿಂದ ಬಡಿದ ಹಾಲಿ ರೂಪಾಯಿಯ ಬಿಲ್ಲೆ ಅಚ್ಚಿಗಿಂತ ಚಿಕ್ಕದು, ಅಕ್ಷರ ಪೂರ್ತಿ ಬೀಳುತ್ತಿರಲಿಲ್ಲ. ಒಂದೇ ಅಚ್ಚಿನ ಹಲವು ನಾಣ್ಯ ಜೋಡಿಸಿದಾಗಲೇ ಪೂರ್ಣ ಅಚ್ಚು ಕಾಣುವುದು. ಕೈಯಲ್ಲಿ ಕೊರೆದ ಅಚ್ಚುಗಳಿಗೆ ಒಂದಕ್ಕೊಂದು ಹೋಲಿಕೆ ಕಡಿಮೆ, ಗುರುತಿಸುವುದು ಸುಲಭ. 20ನೇ ಶತಮಾನದ ಆರಂಭದ ನಿಜಾಮರ ಚಾರ್ಮಿನಾರ್ ರೂಪಾಯಿಯ ಕಥೆ ಬೇರೆ. ಯಂತ್ರದ ಅಚ್ಚುಗಳೆಲ್ಲ ಒಂದೇ ಮೂಲದ ನಕಲು, ಹುಟ್ಟಿದಾಗ ಒಂದೇ ಮುಖ. ಸವೆತ, ಬಿರುಕುಗಳೇ ಅವನ್ನು ಬೇರೆಬೇರೆ ಮಾಡುತ್ತವೆ. ಒಂದೇ ಅಚ್ಚಿನ ಎರಡು ನಾಣ್ಯಗಳಲ್ಲಿ ಬಿರುಕು ಒಂದರಲ್ಲಿ ಕೂದಲೆಳೆ, ಇನ್ನೊಂದರಲ್ಲಿ ಅಂಚು ಮುಟ್ಟಿದೆ ಎಂದರೆ ಎರಡನೆಯದು ನಂತರ ಹೊಡೆದದ್ದು. ಇಸವಿ ಹೇಳದ ಈ ಕ್ರಮವನ್ನು ಗೆರೆ ಹೇಳುತ್ತದೆ. ಇದೇ ನನ್ನ ಬಹುಕಾಲದ ಸಂತೋಷ.

ಆದ್ದರಿಂದ ಒಂಟಿ 'ಅಪರೂಪದ' ನಾಣ್ಯದ ಮಾತು ನನಗೆ ಒಪ್ಪಿಗೆಯಿಲ್ಲ. ಜೊತೆಗಾರರಿಂದ ಬೇರ್ಪಟ್ಟ ಬಿರುಕು ಅರ್ಧ ಓದಿದ ಪುಟ.

ನಮ್ಮಲ್ಲಿ ನಿಧಿ ಸಿಕ್ಕರೆ ಇಂದಿಗೂ ತೂಕ, ಸಂಖ್ಯೆ, ಒಂದೆರಡು ಚಿತ್ರಕ್ಕೇ ವರದಿ ಮುಗಿಯುವುದುಂಟು. ಪ್ರತಿ ನಾಣ್ಯದ ಎರಡೂ ಮುಖ ಒಂದೇ ಬೆಳಕಿನಲ್ಲಿ ತೆಗೆದಿಟ್ಟರೆ ಮುಂದಿನವರು ಅಚ್ಚುಗಳನ್ನು ಎಣಿಸಬಲ್ಲರು. ಕ್ಯಾಮೆರಾ ಈಗ ಎಲ್ಲರ ಕಿಸೆಯಲ್ಲಿದೆ. ಜೇವರ್ಗಿ ಸುತ್ತಿನ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ಕೊರಳಲ್ಲಿ ತೂಗುವ ರೂಪಾಯಿಗಳಿಗೆ ಕೊಂಡಿ ಬೆಸೆದಿದ್ದರೂ ಅಚ್ಚಿನ ಗುರುತು ಅಳಿದಿಲ್ಲ. ಮದುವೆ ಸುಗ್ಗಿ ಬಂತೆಂದರೆ ಅಂಥ ಸರ ಅಕ್ಕಸಾಲಿಗನ ಮೂಸೆಗೆ ಬೀಳುತ್ತದೆ. ಅದಕ್ಕೂ ಮುಂಚೆ, ಅವರ ಅಪ್ಪಣೆ ಪಡೆದು, ಬಾಗಿಲ ಬಿಸಿಲಿನಲ್ಲಿ ಒಂದೊಂದು ನಾಣ್ಯದ ಚಿತ್ರ ತೆಗೆಯಬೇಕು.