ಲೋಹ-ಸಾವಯವ ಚೌಕಟ್ಟಿನಿಂದ ಸರಂಧ್ರ ಇಂಗಾಲ: ಅನಿಲ ಸಂಗ್ರಹದ ಒಂದು ಹಾದಿಯ ಇತಿಹಾಸ

ಇದ್ದಲು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು 1773ರಲ್ಲಿ ಕಾರ್ಲ್ ಶೀಲೆ, 1777ರಲ್ಲಿ ಫೆಲಿಚೆ ಫೊಂಟಾನಾ ಪ್ರಯೋಗದಿಂದ ಕಂಡುಕೊಂಡಿದ್ದರು. ಅನಿಲದ ಅಣುಗಳು ಘನವಸ್ತುವಿನ ಮೇಲ್ಮೈಗೆ ಅಂಟಿಕೊಳ್ಳುವ ಈ ಕ್ರಿಯೆಯೇ ಅಧಿಶೋಷಣೆ. ಮೇಲ್ಮೈ ಹಿಗ್ಗಿದಷ್ಟೂ ಸಂಗ್ರಹ ಹೆಚ್ಚುತ್ತದೆ. ಆದರೆ ಕಟ್ಟಿಗೆ, ತೆಂಗಿನ ಚಿಪ್ಪುಗಳಿಂದ ತಯಾರಾಗುವ ಸಕ್ರಿಯ ಇದ್ದಲಿನ ರಂಧ್ರಗಳಿಗೆ ಒಂದೇ ಅಳತೆ ಇರುವುದಿಲ್ಲ. ರಂಧ್ರಗಳನ್ನು ಹತೋಟಿಗೆ ತರಲು 1990ರ ದಶಕದ ಕೊನೆಯಲ್ಲಿ ಜಪಾನಿನ ತಕಾಶಿ ಕ್ಯೋತಾನಿ ಜಿಯೋಲೈಟ್ ಎಂಬ ಸರಂಧ್ರ ಖನಿಜದೊಳಗೆ, ಕೊರಿಯಾದ ರ್ಯೊಂಗ್ ರ್ಯೂ ಸರಂಧ್ರ ಸಿಲಿಕಾದೊಳಗೆ ಇಂಗಾಲವನ್ನು ಬೆಳೆಸಿದರು. ಕೊನೆಯಲ್ಲಿ ಅಚ್ಚಾಗಿದ್ದ ಜಿಯೋಲೈಟ್ ಅಥವಾ ಸಿಲಿಕಾವನ್ನು ಕರಗಿಸಿ ತೆಗೆಯಲು ಹೈಡ್ರೋಫ್ಲೋರಿಕ್ ಆಮ್ಲದಂತಹ ತೀಕ್ಷ್ಣ ರಾಸಾಯನಿಕಗಳು ಬೇಕಾಗುತ್ತಿದ್ದವು.

ಅದೇ ದಶಕದಲ್ಲಿ ಲೋಹ-ಸಾವಯವ ಚೌಕಟ್ಟುಗಳು, ಅಂದರೆ ಎಂಒಎಫ್‌ಗಳು, ರೂಪುಗೊಂಡವು. ಲೋಹದ ಅಯಾನುಗಳನ್ನು ಸಾವಯವ ಅಣುಗಳು ಬೆಸೆದು ಕಟ್ಟುವ ಈ ಹರಳುಗಳ ಒಳಗೆ ಖಾಲಿ ಜಾಗವೇ ಹೆಚ್ಚು. ರಿಚರ್ಡ್ ರಾಬ್ಸನ್, ಸುಸುಮು ಕಿಟಗಾವಾ, ಒಮರ್ ಯಾಘಿ ಅವರ ಈ ಕೆಲಸಕ್ಕೆ 2025ರ ರಸಾಯನಶಾಸ್ತ್ರ ನೊಬೆಲ್ ಸಂದಿದೆ. ಯಾಘಿ ತಂಡ 1999ರಲ್ಲಿ ಪ್ರಕಟಿಸಿದ ಎಂಒಎಫ್-5ರಲ್ಲಿ ಸತುವಿನ ಆಕ್ಸೈಡ್ ಗೊಂಚಲುಗಳನ್ನು ಟೆರೆಫ್ತಾಲೇಟ್ ಬೆಸೆಯುತ್ತದೆ. ಗಾಳಿಯ ತೇವಾಂಶಕ್ಕೇ ಈ ಹರಳು ಕೆಡುತ್ತದೆ ಎಂಬುದು ಅದರ ದೊಡ್ಡ ಕೊರತೆ.

2008ರಲ್ಲಿ ಜಪಾನಿನ ಎಐಎಸ್‌ಟಿ ಸಂಸ್ಥೆಯ ಚಿಯಾಂಗ್ ಶು ಮತ್ತು ಸಂಗಡಿಗರು ಎಂಒಎಫ್-5ನ್ನೇ ಅಚ್ಚಾಗಿ ಬಳಸಿದರು. ಅದರ ರಂಧ್ರಗಳಲ್ಲಿ ಇಂಗಾಲದ ಮೂಲವಾಗಿ ಫರ್ಫ್ಯೂರಿಲ್ ಆಲ್ಕೊಹಾಲ್ ತುಂಬಿ, ಪಾಲಿಮರ್ ಆಗಿಸಿ, 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲಾಯಿತು. ಬಿಸಿ ಏರಿದಂತೆ ಚೌಕಟ್ಟು ಮುರಿದು ಸತುವಿನ ಆಕ್ಸೈಡ್ ಉಳಿಯಿತು. ಇಂಗಾಲ ಅದರ ಆಮ್ಲಜನಕವನ್ನು ಕಿತ್ತುಕೊಂಡು ಅದನ್ನು ಲೋಹವಾಗಿಸಿತು. ಸತುವಿನ ಕುದಿಬಿಂದು 907 ಡಿಗ್ರಿ. ಹಾಗಾಗಿ ಲೋಹ ಆವಿಯಾಗಿ ತಾನೇ ಹೊರಬಿತ್ತು, ಆಮ್ಲದ ಅಗತ್ಯ ಬೀಳಲಿಲ್ಲ. ಉಳಿದ ಇಂಗಾಲದ ಮೇಲ್ಮೈ ಗ್ರಾಂಗೆ 2872 ಚದರ ಮೀಟರ್. 77 ಕೆಲ್ವಿನ್‌ನಲ್ಲಿ, ಒಂದು ವಾಯುಭಾರದ ಒತ್ತಡದಲ್ಲಿ, ಅದು ತೂಕದ ಶೇ. 2.6ರಷ್ಟು ಹೈಡ್ರೋಜನ್ ಹಿಡಿಯಿತು. ಅದೇ ಸ್ಥಿತಿಯಲ್ಲಿ ಮೂಲ ಎಂಒಎಫ್-5 ಹಿಡಿಯುವುದು ಸುಮಾರು ಶೇ. 1.3. 2011ರಲ್ಲಿ ಇದೇ ತಂಡ ಝಿಫ್-8 ಎಂಬ ಚೌಕಟ್ಟಿನಿಂದ ಗ್ರಾಂಗೆ 3405 ಚದರ ಮೀಟರ್ ಮೇಲ್ಮೈಯ ಇಂಗಾಲವನ್ನು ಪಡೆಯಿತು.

ಚೌಕಟ್ಟಿನ ಸಾವಯವ ಭಾಗದಲ್ಲಿಯೇ ಇಂಗಾಲವಿರುವಾಗ ಹೊರಗಿನಿಂದ ತುಂಬುವುದೇಕೆ ಎಂಬ ಪ್ರಶ್ನೆ ಮುಂದಿನ ಹಂತಕ್ಕೆ ದಾರಿ ಮಾಡಿತು. 2012ರಲ್ಲಿ ದಕ್ಷಿಣ ಕೊರಿಯಾದ ಒಂದು ತಂಡ ಎಂಒಎಫ್-5ನ್ನು ನೇರವಾಗಿ ಸುಟ್ಟು, 77 ಕೆಲ್ವಿನ್‌ನಲ್ಲಿ ಶೇ. 3.25ರಷ್ಟು ಹೈಡ್ರೋಜನ್ ಹಿಡಿಯುವ ಇಂಗಾಲ ತಯಾರಿಸಿತು. ಅದೇ ವರ್ಷ ಅದೇ ದೇಶದ ಕಿಮೂನ್ ಕಿಮ್ ತಂಡ ಸತುವಿನ ಹಲವು ಚೌಕಟ್ಟುಗಳನ್ನು ಸುಟ್ಟು ಹೋಲಿಸಿ ನೋಡಿತು. ರಂಧ್ರಗಳೇ ಇಲ್ಲದ ಚೌಕಟ್ಟಿನಿಂದಲೂ ಸರಂಧ್ರ ಇಂಗಾಲ ಬಂದಿತು. ಸತು-ಇಂಗಾಲ ಅನುಪಾತ ಹೆಚ್ಚಿದಷ್ಟೂ ಮೇಲ್ಮೈ ಹೆಚ್ಚಿತು. ರಂಧ್ರ ಮೂಡಿಸುವುದರಲ್ಲಿ ಮೂಲ ಹರಳಿನ ಖಾಲಿ ಜಾಗಕ್ಕಿಂತ, ಒಳಗೆಲ್ಲ ಹರಡಿಕೊಂಡಿದ್ದು ಸುಡುವಾಗ ಹೊರಟುಹೋಗುವ ಸತುವಿನ ಪಾತ್ರವೇ ಮುಖ್ಯ ಎಂಬುದನ್ನು ಇದು ತೋರಿಸಿತು. 'ಅಚ್ಚು' ಎಂಬ ಮೊದಲ ಕಲ್ಪನೆಗೆ ಇದರಿಂದ ತಿದ್ದುಪಡಿಯಾಯಿತು.

ಇಂಗಾಲದ ಮೇಲ್ಮೈಗೆ ಹೈಡ್ರೋಜನ್ ಅಂಟುವ ಬಲ ತೀರ ಕಡಿಮೆ. ಮೇಲಿನ ಹೈಡ್ರೋಜನ್ ಅಂಕಿಗಳೆಲ್ಲ 77 ಕೆಲ್ವಿನ್, ಅಂದರೆ ಮೈನಸ್ 196 ಡಿಗ್ರಿಯ ಚಳಿಗೆ ಸೇರಿದವು. ಕೋಣೆಯ ಉಷ್ಣತೆಯಲ್ಲಿ ಸಂಗ್ರಹ ಬಹುಪಾಲು ಕುಸಿಯುತ್ತದೆ. ಇಂಗಾಲದ ಡೈಆಕ್ಸೈಡ್ ಇದಕ್ಕಿಂತ ಬಿಗಿಯಾಗಿ ಅಂಟುತ್ತದೆ. 2014ರಲ್ಲಿ ಅಮೆರಿಕದ ಸಂಶೋಧಕರು ಎಂಒಎಫ್-5ರಿಂದ ತಯಾರಿಸಿದ ಇಂಗಾಲ 27 ಡಿಗ್ರಿಯಲ್ಲಿ, 30 ಬಾರ್ ಒತ್ತಡದಲ್ಲಿ, ತನ್ನ ತೂಕಕ್ಕಿಂತಲೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹಿಡಿಯಿತು. ಆದ್ದರಿಂದ ಈ ವಸ್ತುಗಳು ಕೋಣೆಯ ಉಷ್ಣತೆಯಲ್ಲಿ ಹೈಡ್ರೋಜನ್ ಸಂಗ್ರಹಕ್ಕಿಂತ ಇಂಗಾಲದ ಡೈಆಕ್ಸೈಡ್ ಹಿಡಿಯುವುದಕ್ಕೆ ಹೆಚ್ಚು ಹೊಂದುತ್ತವೆ. ದುಬಾರಿ ಹರಳನ್ನು ಮೊದಲು ಕಟ್ಟಿ ಆಮೇಲೆ ಸುಡಬೇಕಾದ ಈ ವಿಧಾನಕ್ಕೆ ವೆಚ್ಚವೇ ದೊಡ್ಡ ತೊಡಕು. ಬೆಲೆಯಲ್ಲಿ ತೆಂಗಿನ ಚಿಪ್ಪಿನ ಇದ್ದಲಿಗೆ ಅದು ಸರಿಸಾಟಿಯಾಗಿಲ್ಲ.