ಇನ್ನೂ ಮಟ್ಟ ನೋಡಿಲ್ಲ

ಹೊಲಿಗೆ ಮಿಷನ್ನು ಅಲುಗಾಡಿದರೆ ಕಾಗದ ಮಡಿಸಿ ಅದರ ಕಾಲಿನಡಿ ತುರುಕಿ ಸುಮ್ಮನಾಗುವವರು ನಾವು. ಲೇತ್ ಮಿಷನ್ನಿನ ಹತ್ತಿರ ಆ ಆಟ ನಡೆಯದೆಂದು ನನಗೆ ತಿಳಿದದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳ ವರ್ಕ್‌ಶಾಪಿನ ಪೂಜೆಗೆ ಹೋದ ದಿನ. ಏಳನೇ ತರಗತಿಯಲ್ಲಿ ಇತಿಹಾಸದ ಇಸವಿಗಳನ್ನೆಲ್ಲ ತಪ್ಪು ಬರೆಯುತ್ತಿದ್ದವಳು. ಐಟಿಐ ಓದಿ, ಆರು ವರ್ಷ ಬೇರೆಯವರಲ್ಲಿ ದುಡಿದು, ಬ್ಯಾಂಕಿನ ಸಾಲ ಸಾಲದೆ ಅಮ್ಮನ ಬಳೆಗಳನ್ನೂ ಅಡವಿಟ್ಟು ಹಳೆಯ ಲೇತೊಂದನ್ನು ಕೊಂಡಿದ್ದಳು. ಬೆಂಗಳೂರಿನ ಜಾಲಹಳ್ಳಿಯದು. ಅಲ್ಲಿನ ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಸ್ಥಾಪನೆಯಾಗಿ, ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಲೇತ್ ತಯಾರಿಕೆ ಆರಂಭಿಸಿತ್ತು.

ಮಂಗಳಾರತಿ ಮುಗಿಯಿತು. ಅವಳ ಸೋದರಮಾವ ಸ್ವಿಚ್ಚಿಗೆ ಕೈ ಹಾಕಿದರು.

"ಬೇಡ ಮಾವ, ಇನ್ನೂ ಮಟ್ಟ ನೋಡಿಲ್ಲ."

"ಮುಹೂರ್ತ ಮೀರುತ್ತೆ ಕಣೇ!"

ಅವಳು ಕದಲಲಿಲ್ಲ. ಬಂದವರೆಲ್ಲ ಕೋಸಂಬರಿ ತಿಂದು ಹೊರಟರು. ನಾನು ಉಳಿದೆ.

ಕಾರಣ ಆಮೇಲೆ ಹೇಳಿದಳು. ಹಿಂದೆ ಕೆಲಸಕ್ಕಿದ್ದ ಕಡೆ ಲೇತನ್ನು ಲಾರಿಯಿಂದ ಇಳಿಸಿದ ದಿನವೇ ಓಡಿಸಿದ್ದರಂತೆ. ನೆಲ ಸಮವಿಲ್ಲದೆ ಬೆಡ್ಡು ತಿರುಚಿಕೊಂಡಿತ್ತು. ಅಷ್ಟು ದಪ್ಪ ಎರಕದ ಕಬ್ಬಿಣ ತಿರುಚುತ್ತದೆಯೇ ಎಂದು ನಾನು ಬಾಯಿ ಬಿಟ್ಟೆ. ಕಣ್ಣಿಗೆ ಕಾಣದಷ್ಟು ತಿರುಚಿದರೂ ಸಾಕಂತೆ, ಕಡೆದ ಸಲಾಕೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಮಾಲು ವಾಪಸು ಬಂದಾಗ "ಹೆಂಗಸರ ಕೈಗೆ ಕೊಟ್ಟರೆ ಇನ್ನೇನು" ಎನ್ನಿಸಿಕೊಂಡವಳು ಇವಳು. ನೆಲವನ್ನು ಯಾರೂ ಬೈಯಲಿಲ್ಲ.

ತುಕ್ಕು ಹಿಡಿಯದಂತೆ ಬಳಿದಿದ್ದ ಗ್ರೀಸನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಳು. ಎಣ್ಣೆ ತುಂಬಿಸಿದಳು. ಆಮೇಲೆ ರಸಮಟ್ಟ ಇಟ್ಟಳು. ಗಾರೆಯವರ ರಸಮಟ್ಟವಲ್ಲ, ಒಂದು ಮೀಟರಿಗೆ 0.02 ಮಿಲಿಮೀಟರ್ ಏರುಪೇರನ್ನೂ ತೋರಿಸುವಂಥದು. ಬೆಡ್ಡಿನ ಉದ್ದಕ್ಕೆ ಇಟ್ಟಳು, ಅಡ್ಡಕ್ಕೆ ಇಟ್ಟಳು, ಈ ತುದಿ, ಆ ತುದಿ. ಗುಳ್ಳೆ ಓಡಿದ ಕಡೆ ಕಾಲಿನಡಿ ತೆಳು ತಗಡು ಕೊಟ್ಟು, ಬೋಲ್ಟು ಬಿಗಿದು, ಮತ್ತೆ ನೋಡಿದಳು. ಎರಡು ಗಂಟೆ ಇದೇ ಆಯಿತು.

ಅವಳ ನೋಟ್‌ಬುಕ್ಕಿನಲ್ಲಿ ಅಳತೆಗಳ ಮೇಲೆ "ಶ್ಲೆಸಿಂಗರ್ ಟೆಸ್ಟ್" ಎಂದಿತ್ತು. ಯಾರೇ ಇವನು ಎಂದರೆ, "ಗೊತ್ತಿಲ್ಲ ಟೀಚರ್, ಐಟಿಐಯಲ್ಲಿ ಬರೆಸಿದ್ದು." ಇತಿಹಾಸದ ಟೀಚರಿಗೆ ನಿದ್ದೆ ಬರುತ್ತದೆಯೇ? ಹುಡುಕಿ ಓದಿದೆ.

ಗಿಯೋರ್ಗ್ ಶ್ಲೆಸಿಂಗರ್ 1874ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. 1904ರಲ್ಲಿ ಅಲ್ಲಿಯೇ ಪ್ರಾಧ್ಯಾಪಕನಾದ. ಮೊದಲ ಮಹಾಯುದ್ಧದ ಕಾಲದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಕೃತಕ ಅಂಗ ಒದಗಿಸುವ ಕೆಲಸದಲ್ಲಿ ತೊಡಗಿದ. 1927ರಲ್ಲಿ ಯಂತ್ರಗಳನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ಕ್ರಮವನ್ನೇ ಒಂದು ಪುಸ್ತಕ ಮಾಡಿದ. ರಸಮಟ್ಟ ಎಲ್ಲಿಡಬೇಕು, ಡಯಲ್ ಗೇಜಿನ ಮುಳ್ಳು ಎಷ್ಟು ಕದಲಿದರೆ ಅಡ್ಡಿಯಿಲ್ಲ, ಎಷ್ಟಾದರೆ ಒಪ್ಪಬಾರದು, ಎಲ್ಲಕ್ಕೂ ಅಂಕಿ ಕೊಟ್ಟ. ಮಾರುವವನ ಬಾಯಿಮಾತನ್ನು ನಂಬಿ ಕೂರಬೇಕಾಗಿರಲಿಲ್ಲ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಇಲ್ಲದ ಆಪಾದನೆ ಹೊರಿಸಿ ಇವನನ್ನು ತಿಂಗಳುಗಟ್ಟಲೆ ಸೆರೆಯಲ್ಲಿಟ್ಟರು. ಕಬ್ಬಿಣವನ್ನೂ ಅಳೆಯದೆ ತಪ್ಪು ಹೊರಿಸದವನಿಗೆ ಸಿಕ್ಕಿದ ನ್ಯಾಯ ಇದು! ಬಿಡುಗಡೆಯಾದ ಮೇಲೆ ಸ್ವಿಟ್ಜರ್‌ಲೆಂಡು, ಬೆಲ್ಜಿಯಂ ಸುತ್ತಿ ಇಂಗ್ಲೆಂಡು ಸೇರಿದ. 1949ರಲ್ಲಿ ಅಲ್ಲಿಯೇ ತೀರಿಕೊಂಡ.

ಅವನ ಅಂಕಿಗಳು ನಮ್ಮೂರಿನ ತಗಡಿನ ಶೆಡ್ಡಿನಲ್ಲಿ ಇದ್ದವು. ಸಂಜೆ ಅವಳು ಲೇತನ್ನು ಅತಿ ನಿಧಾನದ ವೇಗದಲ್ಲಿ ಓಡಿಸಿ, ಬೇರಿಂಗ್ ಬಿಸಿಯಾಗುತ್ತದೆಯೇ ಎಂದು ಕೈಯಿಟ್ಟು ನೋಡಿದಳು. ಬಳಿಕ ದಪ್ಪ ಸಲಾಕೆಯೊಂದನ್ನು ಚಕ್ಕಿಗೆ ಕಚ್ಚಿಸಿ, ಉಳಿಯನ್ನು ಕದಲಿಸದೆ ಗೇಣು ದೂರದ ಎರಡು ಕಡೆ ಕಡೆದು, ಮೈಕ್ರೋಮೀಟರ್ ಹಿಡಿದಳು. ಎರಡೂ ಅಳತೆ ಕೂಡಲಿಲ್ಲ. ಕಾಲಿನ ಬೋಲ್ಟು ಸಡಿಲಿಸಿ, ತಗಡು ಬದಲಿಸಿ, ಮತ್ತೆ ಕಡೆದಳು. ಮೂರನೆಯ ಸಲಕ್ಕೆ ಮಾವನೇ ಟಾರ್ಚು ಹಿಡಿದು ನಿಂತಿದ್ದರು.

"ಎಷ್ಟು ಬಂತೇ?"

ಅವಳು ಉತ್ತರಿಸದೆ ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಅದನ್ನು ನನ್ನ ಕಡೆ ತಿರುಗಿಸಿದಳು. ಎರಡು ಕಡೆಯೂ ಒಂದೇ ಅಂಕಿ. ಪಕ್ಕದಲ್ಲಿ ತಾರೀಖು, ಇಸವಿ.