ಗೋವಾದಲ್ಲಿ ಚೋಣಕ್ ಹಿಡಿಯಲು ಹೊರಟವರಿಗೆ: ಗಾಳ, ದೋಣಿ ಮತ್ತು ನೀರಿನ ಲೆಕ್ಕ

ಯೂಟ್ಯೂಬ್‌ನಲ್ಲಿ 'ಬಾಸ್ ಫಿಶಿಂಗ್' ಅಂತ ಹುಡುಕಿದರೆ ಸಿಗುವ ಹೆಚ್ಚಿನ ವಿಡಿಯೋಗಳು ಅಮೆರಿಕದ ಕೆರೆಗಳದ್ದು. ನಿಂತ ನೀರು, ಅಗಲವಾದ ದೋಣಿ, ದೊಡ್ಡ ಇಂಜಿನ್, ಕೈಯಲ್ಲಿ ಸಣ್ಣ ರಾಡ್. ಅದನ್ನು ನೋಡಿ ಅದೇ ಸಾಮಾನು ಆನ್‌ಲೈನ್‌ನಲ್ಲಿ ತರಿಸಿಕೊಂಡು ಮಾಂಡೋವಿ ಅಥವಾ ಝುವಾರಿ ದಡಕ್ಕೆ ಹೋಗುವ ಯುವಕರು ಈಗ ಕಡಿಮೆ ಏನಿಲ್ಲ. ವ್ಯಾಪಾರ, ಹೋಟೆಲ್ ಕೆಲಸ ಅಂತ ಮಂಗಳೂರು, ಉಡುಪಿ, ಕಾಸರಗೋಡು ಕಡೆಯಿಂದ ಗೋವಾದಲ್ಲಿ ನೆಲೆಸಿದವರಿಗೂ ರಜೆಯ ದಿನ ಗಾಳ ಹಾಕುವುದು ಒಳ್ಳೆಯ ಹವ್ಯಾಸ. ಆದರೆ ಅಮೆರಿಕದ ಆ ಬಾಸ್ ಸಿಹಿನೀರಿನ ಮೀನು, ಗೋವಾದ ನದಿಗಳಲ್ಲಿ ಅದು ಇಲ್ಲ. ಇಲ್ಲಿರುವುದು ಏಷ್ಯನ್ ಸೀಬಾಸ್. ಗೋವಾದವರು ಇದನ್ನು ಚೋಣಕ್ ಎನ್ನುತ್ತಾರೆ, ಮಲಯಾಳಂನಲ್ಲಿ ಕಾಳಾಂಜಿ, ಬಂಗಾಳದಲ್ಲಿ ಭೆಟ್ಕಿ, ಆಸ್ಟ್ರೇಲಿಯಾದಲ್ಲಿ ಬಾರಾಮುಂಡಿ.

ಮೀನು ಬೇರೆ, ನೀರೂ ಬೇರೆ. ಕೆರೆಯ ನೀರು ನಿಂತಿರುತ್ತದೆ, ಗೋವಾದ ನದಿಗಳ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆದ್ದರಿಂದ ಹೊಸಬರು ಮೊದಲು ಕಲಿಯಬೇಕಾದದ್ದು ನೀರಿನ ಲೆಕ್ಕ. ರಾಡ್, ರೀಲ್ ಎಲ್ಲ ಆಮೇಲೆ.

ಮೀನಿನ ಪರಿಚಯ

ಚೋಣಕ್ ಸಮುದ್ರದಲ್ಲೂ ಸವುಳು ನೀರಿನಲ್ಲೂ ಸಿಹಿನೀರಿನಲ್ಲೂ ಬದುಕಬಲ್ಲ ಮೀನು. ಮೊಟ್ಟೆ ಇಡಲು ಅಳಿವೆ ಬಾಗಿಲಿನ ಕಡೆ ಇಳಿಯುತ್ತದೆ. ಮರಿಗಳು ಕಾಂಡ್ಲಾ ಕಾಡು, ಸಣ್ಣ ತೋಡು, ಗದ್ದೆಯ ಬದಿಯ ನೀರಿನಲ್ಲಿ ಬೆಳೆಯುತ್ತವೆ. ದೊಡ್ಡ ಬಾಯಿ, ಹೊಂಚು ಹಾಕಿ ಹಿಡಿಯುವ ಸ್ವಭಾವ. ಕಾಂಡ್ಲಾ ಬೇರಿನ ಸಂದು, ಬಂಡೆಯ ಮರೆ, ಸೇತುವೆ ಕಂಬದ ನೆರಳು, ಎರಡು ನೀರು ಕೂಡುವ ಜಾಗದಲ್ಲಿ ನಿಂತು ಓಟದ ನೀರು ತರುವ ಸೀಗಡಿ ಮತ್ತು ಸಣ್ಣ ಮೀನಿಗೆ ಕಾಯುತ್ತದೆ.

ಇದರ ಬಗ್ಗೆ ಪ್ರತಿಯೊಬ್ಬನೂ ತಿಳಿದಿರಬೇಕಾದ ಒಂದು ಸಂಗತಿ ಇದೆ. ಸಾಮಾನ್ಯವಾಗಿ ಚೋಣಕ್ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗಿ ಬದಲಾಗುತ್ತದೆ. ಅಂದರೆ ಮೀಟರ್ ಹತ್ತಿರ ಉದ್ದದ ದೊಡ್ಡ ಮೀನುಗಳಲ್ಲಿ ಹೆಚ್ಚಿನವು ಹೆಣ್ಣು, ಲಕ್ಷಗಟ್ಟಲೆ ಮೊಟ್ಟೆ ಇಡುವ ತಾಯಿ ಮೀನುಗಳು. ಫೋಟೋಗಾಗಿ ಅಂಥದ್ದನ್ನು ಕೊಂದರೆ ಆ ನದಿಯ ಮುಂದಿನ ವರ್ಷಗಳ ಬಂಡವಾಳವನ್ನೇ ತಿಂದ ಹಾಗೆ. ಊಟಕ್ಕೆ ಬೇಕಾದರೆ ಮಧ್ಯಮ ಗಾತ್ರದ ಒಂದು ಮೀನು ಇಟ್ಟುಕೊಂಡು, ತೀರಾ ಸಣ್ಣದನ್ನೂ ತೀರಾ ದೊಡ್ಡದನ್ನೂ ಬಿಟ್ಟುಬಿಡುವುದು ಜಾಣತನ. ಮಾರುಕಟ್ಟೆಗೆ ಸಾಕಣೆಯ ಮೀನು ಹೇಗೂ ಬರುತ್ತದೆ. ಚೆನ್ನೈನ ಸಿಬಾ ಸಂಶೋಧನಾ ಸಂಸ್ಥೆ 1997ರಲ್ಲೇ ಹ್ಯಾಚರಿಯಲ್ಲಿ ಇದರ ಮರಿ ಮಾಡಿಸುವುದರಲ್ಲಿ ಯಶಸ್ವಿಯಾಗಿತ್ತು.

ನೀರಿನ ಲೆಕ್ಕ

ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಗ್ಗೆ 7ಕ್ಕೆ ನೀರು ತುಂಬಿದ್ದರೆ ನಾಳೆ ಸುಮಾರು 7.50ಕ್ಕೆ ತುಂಬುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಗೋವಾದಲ್ಲಿ 2 ಮೀಟರ್ ಹತ್ತಿರ ಹೋಗುತ್ತದೆ. ಅಷ್ಟಮಿ ಆಸುಪಾಸಿನಲ್ಲಿ ಕಡಿಮೆ. ಹಿಜರಿ ತಾರೀಕು ಗೊತ್ತಿದ್ದವರಿಗೆ ಇದು ಇನ್ನೂ ಸುಲಭ: ತಿಂಗಳ ಮೊದಲ ದಿನಗಳು ಮತ್ತು 14, 15, 16ರ ಆಸುಪಾಸು ನೀರಿನ ಓಟ ಜೋರು, 8 ಮತ್ತು 22ರ ಆಸುಪಾಸು ಮೆಲ್ಲಗೆ. ಮನೆಯ ಗೋಡೆಯ ಕ್ಯಾಲೆಂಡರ್ ನೋಡಿಯೇ ಅಂದಾಜು ಹಾಕಬಹುದು. ಸರಿಯಾದ ಸಮಯಕ್ಕೆ ಮರ್ಮಗೋವಾ ಬಂದರಿನ ಟೈಡ್ ಟೇಬಲ್ ನೋಡಬೇಕು. ನದಿಯ ಒಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ ಎಂಬುದು ನೆನಪಿರಲಿ.

ಹೊಸಬರಿಗೆ ಮೆಲ್ಲಗಿನ ಓಟದ ದಿನಗಳೇ ಒಳ್ಳೆಯದು. ನೀರು ಪೂರ್ತಿ ನಿಂತಾಗ ಚೋಣಕ್ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ತುಂಬಿದ ನೀರು ಇಳಿಯಲು ಶುರುವಾದಾಗ ತೋಡುಗಳಿಂದ ಸೀಗಡಿ ಹೊರಗೆ ಬರುತ್ತದೆ, ಆ ಹೊತ್ತು ತೋಡಿನ ಬಾಯಿಯಲ್ಲಿ ಗಾಳ ಹಾಕಿದವನಿಗೆ ಅವಕಾಶ ಜಾಸ್ತಿ.

ಗಾಳದ ಸಾಮಾನು: ಎಷ್ಟು ಬೇಕೋ ಅಷ್ಟೇ

ಅಂಗಡಿಯವನು ತೋರಿಸಿದ್ದೆಲ್ಲ ಬೇಕಾಗಿಲ್ಲ. ಶುರುವಿಗೆ ಒಂದು ಸೆಟ್ ಸಾಕು.

ರಾಡ್: 7 ಅಡಿಯ ಮಧ್ಯಮ-ಭಾರದ ಸ್ಪಿನ್ನಿಂಗ್ ರಾಡ್. ದಡದಿಂದ ದೂರ ಎಸೆಯಬೇಕಾದರೆ 8 ಅಡಿ. ದೋಣಿ, ಕಯಾಕ್‌ನಲ್ಲಿ ಉದ್ದ ರಾಡ್ ತೊಂದರೆ ಕೊಡುತ್ತದೆ.

ರೀಲ್: 3000ದಿಂದ 4000 ಗಾತ್ರದ ಸ್ಪಿನ್ನಿಂಗ್ ರೀಲ್. ವಿಡಿಯೋದಲ್ಲಿ ಕಾಣುವ ಬೈಟ್‌ಕಾಸ್ಟರ್ ರೀಲ್ ಹೊಸಬರ ಕೈಯಲ್ಲಿ ನೂಲು ಗೋಜಲು ಮಾಡುವುದೇ ಜಾಸ್ತಿ. ಉಪ್ಪುನೀರಿಗೆ ಆಗುವಂಥದ್ದೇ ಎಂದು ಕೇಳಿ ತೆಗೆದುಕೊಳ್ಳಿ.

ನೂಲು: 20ರಿಂದ 30 ಪೌಂಡಿನ ಹೆಣೆದ ಬ್ರೇಡ್ ನೂಲು. ಅದರ ತುದಿಗೆ 30ರಿಂದ 40 ಪೌಂಡಿನ ದಪ್ಪ ಲೀಡರ್, ಸುಮಾರು ಒಂದು ಮೀಟರ್. ಲೀಡರ್ ಇಲ್ಲದೆ ಚೋಣಕ್‌ಗೆ ಹೋಗಲೇಬಾರದು. ಅದರ ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ ಹರಿತ, ತೆಳು ನೂಲನ್ನು ಕ್ಷಣದಲ್ಲಿ ಕತ್ತರಿಸುತ್ತದೆ, ಬೆರಳನ್ನೂ ಕೂಡ.

ಡ್ರ್ಯಾಗ್: ನೂಲಿನ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬಿಗಿ. 20 ಪೌಂಡ್ ಅಂದರೆ ಸುಮಾರು 9 ಕಿಲೋ, ಆದ್ದರಿಂದ ಎರಡೂವರೆ ಕಿಲೋ ಎಳೆತಕ್ಕೆ ರೀಲ್ ನೂಲು ಬಿಡಬೇಕು. ತೂಗುವ ಸ್ಪ್ರಿಂಗ್ ಬ್ಯಾಲೆನ್ಸ್ ಕಟ್ಟಿ ಮನೆಯಲ್ಲೇ ನೋಡಿಕೊಳ್ಳಬಹುದು.

ಕೃತಕ ಮೀನು: 9ರಿಂದ 12 ಸೆಂ.ಮೀ. ಉದ್ದದ ಮಿನ್ನೋ ಲೂರ್ ಎರಡು, 3ರಿಂದ 5 ಇಂಚಿನ ಬಾಲ ಅಲುಗಾಡುವ ರಬ್ಬರ್ ಮೀನು ಕೆಲವು, ಅವಕ್ಕೆ 7ರಿಂದ 15 ಗ್ರಾಂ ಜಿಗ್ ಹೆಡ್. ಕಾಂಡ್ಲಾ ಬೇರಿನ ನಡುವೆ ಎಸೆಯುವುದಾದರೆ ಗಾಳದ ಮೊನೆ ರಬ್ಬರಿನೊಳಗೆ ಅಡಗಿರುವ ರೀತಿಯದ್ದು ಬೇಕು, ಇಲ್ಲದಿದ್ದರೆ ಮೀನಿನ ಬದಲು ಬೇರು ಹಿಡಿಯುತ್ತೀರಿ. ಅಗ್ಗದ ಲೂರ್‌ಗಳ ಮುಮ್ಮೊನೆ ಗಾಳ ಚೋಣಕ್ ಎಳೆತಕ್ಕೆ ನೆಟ್ಟಗಾಗಿಬಿಡುತ್ತದೆ, ಅದನ್ನು ಗಟ್ಟಿಯದ್ದಕ್ಕೆ ಬದಲಾಯಿಸಿ.

ಜೀವಂತ ಸೀಗಡಿ: ಇಷ್ಟೆಲ್ಲ ಬೇಡ ಎನ್ನುವವರಿಗೆ ಇದೇ ಉತ್ತಮ. ಸರ್ಕಲ್ ಗಾಳ ಹಾಕಿದರೆ ಮೀನಿನ ತುಟಿಯ ಮೂಲೆಗೆ ಸಿಕ್ಕುತ್ತದೆ, ಬಿಡಿಸಿ ಜೀವಂತ ಬಿಡಲು ಸುಲಭ. ಜರ್ರನೆ ಎಳೆಯಬೇಡಿ, ನಿಧಾನಕ್ಕೆ ರೀಲ್ ಸುತ್ತಿದರೆ ಸಾಕು.

ಇದರ ಜೊತೆ ಉದ್ದ ಮೂತಿಯ ಇಕ್ಕಳ, ರಬ್ಬರ್ ಬಲೆಯ ಕೈಬಲೆ ಮತ್ತು ಬಣ್ಣದ ಗಾಜಿನ ಕನ್ನಡಕ ಬೇಕು. ಹಾರಿ ಬರುವ ಗಾಳದಿಂದ ಕಣ್ಣು ಉಳಿಸುವುದು ಆ ಕನ್ನಡಕವೇ. ಮನೆಗೆ ಬಂದ ಮೇಲೆ ರಾಡ್, ರೀಲ್ ಎರಡನ್ನೂ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಡ್ರ್ಯಾಗ್ ಸಡಿಲಿಸಿ ಒಣಗಿಸಿಡಿ.

ತೀರಾ ಹೊಸಬರು ಮೊದಲ ತಿಂಗಳು ಮರಳು ದಂಡೆಯಲ್ಲಿ ಹಗುರ ರಾಡ್ ಹಿಡಿದು ಕಾಣೆ ಮೀನಿಗೆ ಪ್ರಯತ್ನಿಸಬಹುದು. ಗೋವಾದಲ್ಲಿ ಅದು ಮುಡ್ಡೊಶಿ. ಸಣ್ಣ ಗಾಳ, ಸೀಗಡಿ ತುಂಡು, ಸ್ವಲ್ಪ ಸೀಸ ಇಷ್ಟೇ ಸಾಕು. ಕೈ ಪಳಗುತ್ತದೆ, ಸಾರಿಗೂ ಆಗುತ್ತದೆ. ಮರಳಿನಲ್ಲಿ ನಡೆಯುವಾಗ ಕಾಲು ಎತ್ತಿಡದೆ ಎಳೆದುಕೊಂಡು ನಡೆಯಿರಿ, ಅಡಗಿರುವ ತೊರಕೆ ಸರಿದುಹೋಗುತ್ತದೆ. ತೊರಕೆ ಮುಳ್ಳೋ ಶೇಡೆ ಮುಳ್ಳೋ ಚುಚ್ಚಿದರೆ ಸಹಿಸುವಷ್ಟು ಬಿಸಿಯ ನೀರಿನಲ್ಲಿ ಗಾಯವನ್ನು ಮುಳುಗಿಸಿಟ್ಟು ಆಸ್ಪತ್ರೆಗೆ ಹೋಗಬೇಕು.

ಸಣ್ಣ ದೋಣಿ: ಮೊದಲ ಖರ್ಚು ಲೈಫ್ ಜಾಕೆಟ್

ದುಡ್ಡು ಕಡಿಮೆ ಇದ್ದರೆ ರಾಡ್ ಅಗ್ಗದ್ದು ತೆಗೆದುಕೊಳ್ಳಿ, ಲೈಫ್ ಜಾಕೆಟ್ ಮಾತ್ರ ಅಗ್ಗದ್ದು ಬೇಡ. ಚೆನ್ನಾಗಿ ಈಜು ಬರುವವರು ದಡದ ಹತ್ತಿರ ಕಯಾಕ್ ಹೊಡೆಯಲು 50 ನ್ಯೂಟನ್ ತೇಲುಬಲದ್ದು ಸಾಕಾಗಬಹುದು, ಈಜು ಬಾರದವರಿಗೆ 100 ನ್ಯೂಟನ್ ಅಥವಾ ಅದಕ್ಕಿಂತ ಹೆಚ್ಚಿನದ್ದು ಬೇಕು. ಅದನ್ನು ದೋಣಿಯ ಮೂಲೆಯಲ್ಲಿ ಇಟ್ಟುಕೊಂಡರೆ ಪ್ರಯೋಜನ ಇಲ್ಲ, ಮೈಮೇಲೆ ಬಕಲ್ ಹಾಕಿರಬೇಕು. ನೀರಿಗೆ ಬಿದ್ದ ಮೇಲೆ ಹಾಕಿಕೊಳ್ಳುವುದು ಈಜುಗಾರನಿಗೂ ಕಷ್ಟ.

ಕಯಾಕ್ ಆದರೆ ಮೇಲೆ ಕೂರುವ ರೀತಿಯ ಅಗಲದ್ದು ಒಳ್ಳೆಯದು, ಮಗುಚಿದರೂ ನೀರು ತುಂಬಿ ಮುಳುಗುವುದಿಲ್ಲ. ನೀರು ಏರುವಾಗ ಒಳಗೆ ಹೋಗಿ, ಇಳಿಯುವಾಗ ಅದರ ಜೊತೆ ಹಿಂದೆ ಬರುವ ಹಾಗೆ ಸಮಯ ಹಾಕಿಕೊಳ್ಳಿ. ಇಳಿತದಲ್ಲಿ ಹುಟ್ಟು ಕೈಕೊಟ್ಟರೆ ನೀರು ನಿಮ್ಮನ್ನು ಸಮುದ್ರದ ಕಡೆಗೇ ಒಯ್ಯುತ್ತದೆ.

ಔಟ್‌ಬೋರ್ಡ್ ಇಂಜಿನ್ ಇರುವ ಫೈಬರ್ ದೋಣಿಯಾದರೆ ಈ ಕೆಲವನ್ನು ನಿಯಮದ ಹಾಗೆ ಪಾಲಿಸಿ. ಇಂಧನದಲ್ಲಿ ಮೂರರಲ್ಲಿ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ತುರ್ತಿಗೆ. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ದಾರ ಓಡಿಸುವವನ ಮೈಗೆ ಕಟ್ಟಿರಲಿ. ಲಂಗರು ದೋಣಿಯ ಮೂತಿಯಿಂದಲೇ ಬಿಡಬೇಕು, ಹಗ್ಗ ಆಳದ ಐದು ಪಟ್ಟಾದರೂ ಇರಬೇಕು. ಹಿಂಭಾಗದಿಂದ ಲಂಗರು ಹಾಕಿದರೆ ಓಟದ ನೀರು ದೋಣಿಯೊಳಗೆ ನುಗ್ಗುತ್ತದೆ. ಮೀನು ಸಿಕ್ಕಿತೆಂದು ಎಲ್ಲರೂ ಒಂದೇ ಬದಿಗೆ ಎದ್ದು ನಿಲ್ಲಬೇಡಿ. ಸೀಟಿ, ಟಾರ್ಚ್, ನೀರು ಹೊರಹಾಕಲು ಒಂದು ಡಬ್ಬ, ಒಂದು ಜೊತೆ ಹುಟ್ಟು, ನೀರು ಹೋಗದ ಚೀಲದಲ್ಲಿ ಮೊಬೈಲ್ ಜೊತೆಗಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲೋ ರೂಮಿನಲ್ಲೋ ಒಬ್ಬರಿಗೆ ಹೇಳಿಯೇ ಹೊರಡಿ.

ಗೋವಾದ ಜಾಗಗಳು, ಅಲ್ಲಿನ ಅಪಾಯಗಳು

ಅಳಿವೆ ಬಾಗಿಲು: ಮಾಂಡೋವಿಯ ಅಗ್ವಾದ ಕಡೆ, ಶಾಪೋರಾ, ಸಾಲ್ ನದಿಯ ಬೇತುಲ್ ಬಾಗಿಲುಗಳಲ್ಲಿ ಮರಳ ದಿಬ್ಬಗಳಿವೆ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಒಳಗೆ ಬೀಸುವಾಗ ಇಳಿತದ ನೀರು ಹೊರಗೆ ಓಡಿದರೆ ಅಲೆ ಕಡಿದಾಗಿ ಏಳುತ್ತದೆ. ಸಣ್ಣ ದೋಣಿ ಮಗುಚಲು ಅಷ್ಟು ಸಾಕು. ಹೊಸಬರು ಬಾಗಿಲು ದಾಟಲೇಬಾರದು, ನದಿಯೊಳಗೇ ಬೇಕಾದಷ್ಟು ಮೀನಿದೆ.

ದೊಡ್ಡ ನದಿಗಳ ನಡು: ಮಾಂಡೋವಿ, ಝುವಾರಿಯಲ್ಲಿ ಅದಿರಿನ ಬಾರ್ಜ್, ಫೆರಿ ಓಡಾಡುತ್ತವೆ. ಬಾರ್ಜ್ ಬೇಗ ನಿಲ್ಲುವುದಿಲ್ಲ, ಪಕ್ಕಕ್ಕೆ ತಿರುಗುವುದೂ ಇಲ್ಲ. ಅವುಗಳ ದಾರಿಯಲ್ಲಿ ಲಂಗರು ಹಾಕಬೇಡಿ, ಅಲೆ ಬಂದರೆ ದೋಣಿಯ ಮೂತಿಯನ್ನು ಅದರ ಕಡೆ ತಿರುಗಿಸಿ.

ಕುಂಬಾರ್ಜುವಾ ಕಾಲುವೆ: ಮಾಂಡೋವಿ, ಝುವಾರಿ ಎರಡನ್ನೂ ಕೂಡಿಸುವ ಈ ನೀರಿನಲ್ಲಿ ಮೊಸಳೆಗಳಿವೆ. ಕಯಾಕ್‌ನಲ್ಲಿ ಹೋಗಬೇಡಿ, ನೀರಿನಲ್ಲಿ ಕಾಲು ಇಳಿಬಿಟ್ಟು ಕೂರಬೇಡಿ, ದಡದಲ್ಲಿ ಮೀನು ತೊಳೆಯಬೇಡಿ.

ಚೋಡಣ್: ಇಲ್ಲಿನ ಸಲೀಂ ಅಲಿ ಪಕ್ಷಿಧಾಮ 1.78 ಚದರ ಕಿ.ಮೀ. ಕಾಂಡ್ಲಾ ಕಾಡು. ಅದು ಅರಣ್ಯ ಇಲಾಖೆಯ ಸಂರಕ್ಷಿತ ಜಾಗ, ಒಳಗೆ ಗಾಳ ತೆಗೆದುಕೊಂಡು ಹೋಗುವ ಯೋಚನೆ ಬೇಡ.

ಮಾನಸ್: ಖಾಜನ್ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ತೂಬಿನ ಬಾಗಿಲಿಗೆ ಗೋವಾದಲ್ಲಿ ಮಾನಸ್ ಎನ್ನುತ್ತಾರೆ. ಅಲ್ಲಿ ಮೀನು ಜಾಸ್ತಿ ಸಿಗುತ್ತದೆ ನಿಜ. ಆದರೆ ಅಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ದುಡ್ಡು ಕೊಟ್ಟು ಪಡೆದವರಿರುತ್ತಾರೆ. ಕೇಳದೆ ಗಾಳ ಹಾಕಿದರೆ ಇನ್ನೊಬ್ಬರ ವ್ಯಾಪಾರಕ್ಕೆ ಕೈಹಾಕಿದಂತೆ. ಕಂಬ ನೆಟ್ಟು ಕಟ್ಟಿದ ಬಲೆಗಳಿಂದಲೂ ದೂರ ಇರಿ.

ಕಾನೂನು, ಹವಾಮಾನ

ಇಂಜಿನ್ ಇರುವ ದೋಣಿಗೆ ನೋಂದಣಿ ಬೇಕು. ಒಳನಾಡು ಜಲಸಾರಿಗೆಗೆ 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ ಇದೆ, ಗೋವಾದಲ್ಲಿ ಈ ಕೆಲಸ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯದ್ದು. ಸೆಕೆಂಡ್ ಹ್ಯಾಂಡ್ ದೋಣಿ ಕೊಳ್ಳುವವರು ಬೈಕ್ ಕೊಳ್ಳುವಾಗ ಆರ್‌ಸಿ ನೋಡುವ ಹಾಗೆ ದೋಣಿಯ ಕಾಗದ, ಇಂಜಿನ್ ನಂಬರ್ ಎರಡನ್ನೂ ತಾಳೆ ನೋಡಬೇಕು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಇದು ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಮಳೆಗಾಲದಲ್ಲಿ ಬಂಡೆಯ ಮೇಲೆ ನಿಂತು ಗಾಳ ಹಾಕುವುದು ಎಲ್ಲಕ್ಕಿಂತ ಅಪಾಯ. ಹತ್ತು ಅಲೆ ಸಣ್ಣದು ಬಂದ ಮೇಲೆ ಹನ್ನೊಂದನೆಯದು ಆಳೆತ್ತರ ಬರಬಹುದು. ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ರಾಡ್ ಕೆಳಗಿಟ್ಟು ದಡಕ್ಕೆ ಬನ್ನಿ, ಗ್ರಾಫೈಟ್ ರಾಡ್ ವಿದ್ಯುತ್ ಹರಿಸುತ್ತದೆ. ಹೊರಡುವ ಮೊದಲು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಚಿತವಾಗಿ ಕೊಡುವ ಸಮುದ್ರ ಮುನ್ಸೂಚನೆ ನೋಡಿಕೊಳ್ಳಿ. ತುರ್ತಿಗೆ ಕೋಸ್ಟ್ ಗಾರ್ಡ್ 1554, ಎಲ್ಲ ಸಹಾಯಕ್ಕೂ 112. ಎರಡೂ ಮೊಬೈಲ್‌ನಲ್ಲಿ ಸೇವ್ ಆಗಿರಲಿ.

ಹಿಡಿದ ಮೇಲೆ, ಬಿಡುವ ಮೊದಲು

ಬಿಡುವ ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಬೇಕು. ಬಾಯಿ ಹಿಡಿದು ನೇತಾಡಿಸದೆ ಹೊಟ್ಟೆಗೆ ಇನ್ನೊಂದು ಕೈ ಕೊಟ್ಟು ಅಡ್ಡಲಾಗಿ ಹಿಡಿಯಿರಿ. ಫೋಟೋ ಬೇಕಾದರೆ ಮೊಬೈಲ್ ಮೊದಲೇ ತಯಾರಿರಲಿ. ಆಮೇಲೆ ಮೀನಿನ ಮೂತಿಯನ್ನು ಓಟದ ನೀರಿಗೆ ಎದುರಾಗಿ ಹಿಡಿದರೆ ಅದು ಉಸಿರು ತೆಗೆದುಕೊಂಡು ತಾನೇ ಹೋಗುತ್ತದೆ. ಕಡಿದ ನೂಲನ್ನು ನೀರಿಗೆ ಎಸೆಯಬೇಡಿ, ಹಕ್ಕಿಯ ಕಾಲಿಗೂ ಇಂಜಿನಿನ ಪಂಕಕ್ಕೂ ಅದೇ ಉರುಳು.

ಈ ಲೆಕ್ಕ ಗೋವಾಕ್ಕೆ ಮಾತ್ರ ಅಲ್ಲ. ನೇತ್ರಾವತಿ, ಫಲ್ಗುಣಿ, ಚಂದ್ರಗಿರಿ ಅಳಿವೆಗಳಲ್ಲೂ ನೀರು ಹೀಗೆಯೇ ಏರಿ ಇಳಿಯುತ್ತದೆ. ಅಲ್ಲೆಲ್ಲ ದೋಣಿ ನಡೆಸಿ ಬದುಕುವ ಹಿರಿಯರಿದ್ದಾರೆ. 'ಇವತ್ತು ಬೇಡ ಮಗಾ' ಅಂತ ಅವರು ಹೇಳಿದರೆ ಅವತ್ತು ಗಾಳ ಮಡಚಿ ಮನೆಗೆ ಹೋಗಬೇಕು. ತಪ್ಪಿಹೋದ ಮೀನು ಇನ್ನೊಂದು ದಿನ ಸಿಗುತ್ತದೆ. ಮನೆಯಲ್ಲಿ ಕಾಯುವವರಿಗೆ ಮಗ ಬರಬೇಕು, ಮೀನಲ್ಲ.